ದಿಬ್ಬಕ್ಕೆ ಒರಗಿದ ಕೊಟ್ಟಿಗೆ

ಅಮೆರಿಕದ ಪೆನ್ಸಿಲ್ವೇನಿಯಾದ ಹಳೆಯ ಕೊಟ್ಟಿಗೆಗಳ ಚಿತ್ರ ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯಿಂದ ವಲಸೆ ಬಂದ ರೈತರು 18ನೇ ಶತಮಾನದಲ್ಲಿ ತಂದ ಪದ್ಧತಿ ಇದು. ‘ಬ್ಯಾಂಕ್ ಬಾರ್ನ್’ ಅನ್ನುತ್ತಾರೆ. ಬ್ಯಾಂಕ್ ಅಂದರೆ ಇಲ್ಲಿ ದಿಬ್ಬ.

ಇಳಿಜಾರನ್ನು ಕಡಿದು ಕೆಳಗೆ ಕಲ್ಲಿನ ಗೋಡೆ, ಅದರೊಳಗೆ ದನ, ಕುದುರೆ. ಮೇಲೆ ಹುಲ್ಲು, ಧಾನ್ಯ, ನಡುವೆ ಒಕ್ಕಣೆಗೆ ಹಲಗೆಯ ನೆಲ. ಹುಲ್ಲಿನ ಗಾಡಿ ದಿಬ್ಬದ ಕಡೆಯಿಂದ ನೇರ ಮೇಲಂತಸ್ತಿಗೇ ಹೋಗುತ್ತದೆ. ಚಳಿಗಾಲದಲ್ಲಿ ಅಲ್ಲಿಂದ ಕೆಳಕ್ಕೆ ತಳ್ಳಿದರಾಯಿತು, ದನದ ಮುಂದೆ ಮೇವು! ಹೊತ್ತು ಏರಿಸುವ ಕಷ್ಟವನ್ನು ಗುಡ್ಡವೇ ಕಳೆದಿದೆ.

ನನಗೆ ಎಲ್ಲಕ್ಕಿಂತ ಇಷ್ಟ, ಮುಂದಕ್ಕೆ ಚಾಚಿಕೊಂಡ ಆ ಮೇಲಂತಸ್ತು. ಅದರ ಮುಖ ಸಾಮಾನ್ಯವಾಗಿ ದಕ್ಷಿಣಕ್ಕೋ ಆಗ್ನೇಯಕ್ಕೋ. ಚಳಿಗಾಲದ ಓರೆ ಬಿಸಿಲು ಅದರಡಿ ನುಗ್ಗಿ ಕೊಟ್ಟಿಗೆಯ ಬಾಗಿಲು ಮುಟ್ಟುತ್ತದೆ. ಮಳೆ, ಹಿಮ ಮಾತ್ರ ಆಚೆಗೇ.

ಕಲ್ಲುಗೋಡೆಯಲ್ಲಿ ಉದ್ದನೆಯ ಸೀಳುಕಿಂಡಿಗಳೂ ಇರುತ್ತವೆ, ಹೊರಗೆ ಕಿರಿದು, ಒಳಗೆ ಅಗಲ. ಕೋಟೆಯ ನೆನಪಾಗುತ್ತದೆ, ಆದರೆ ಅವು ಗಾಳಿಗಾಗಿ. ಸರಿಯಾಗಿ ಒಣಗದ ಹುಲ್ಲು ಬಣವೆಯೊಳಗೇ ಕಾದು ತಾನಾಗಿ ಹೊತ್ತಿಕೊಳ್ಳಬಹುದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.