ಮೂರು ಗೆರೆಯ ಬಾಗಿಲು

ಎಂದೋ ಬಿ.ಎಸ್‌ಸಿ. ಮಾಡಿದ ತಪ್ಪಿಗೆ ಸಂಘದ ಜಾಲತಾಣ ರಚಿಸುವ ಭಾರ ನಮ್ಮ ತಲೆಗೆ ಬಿತ್ತು. ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಕ್ಕೆ ನಂಬರು ಹಾಕುವ ಗುಮಾಸ್ತರು ನಾವು. ಪುಣೆಯಿಂದ ದಿವೇ ಘಾಟು ಹತ್ತಿ ಸಾಸವಡದ ಮನೆ ಸೇರಿದ ಮೇಲೆ ರಾತ್ರಿಯೆಲ್ಲ ಇದೇ ಕೆಲಸ.

ತಾಣವೇನೋ ಸಿದ್ಧವಾಯಿತು; ಉಳಿದದ್ದು ಮೆನು. ಪುಟದ ನೆತ್ತಿಯಲ್ಲಿ ಹೆಸರುಗಳನ್ನು ಸಾಲಾಗಿ ಬರೆಯುವುದೊಂದು ಪದ್ಧತಿ. ಆದರೆ ನಮ್ಮ ಶಬ್ದಗಳು ಉದ್ದ, ಮೊಬೈಲಿನ ಅಗಲ ಸಾಲದು. ಪಟ್ಟಿ ಕಿರಿದಾದರೆ ಒತ್ತಕ್ಷರವೂ ಕತ್ತರಿಸಿಹೋಗುತ್ತದೆ: 'ಮಕ್ಕಳ ತರಗತಿ' ಹೋಗಿ 'ಮಕಳ ತರಗತಿ'ಯಾಯಿತು! ಇನ್ನೊಂದು ಪದ್ಧತಿ ಮೂರು ಅಡ್ಡಗೆರೆಯ ಚಿಹ್ನೆ. ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ. 1981ರಲ್ಲಿ ಝೆರಾಕ್ಸ್ ಕಂಪನಿಯ 'ಸ್ಟಾರ್' ಗಣಕಕ್ಕಾಗಿ ನಾರ್ಮ್ ಕಾಕ್ಸ್ ರಚಿಸಿದ್ದು. ಅಂದವಾಗಿತ್ತು, ಅದನ್ನೇ ಆರಿಸಿದೆವು. ಸಮಿತಿಯವರು ಬೆನ್ನು ತಟ್ಟಿದರು.

ತಿಂಗಳ ಮೇಲೆ ಒಂದು ಭಾನುವಾರ ನಮ್ಮ ಅವ್ವ ಮೊಬೈಲು ಹಿಡಿದು ಬಂದಳು.

"ತಮ್ಮಾ, ಮನಿ ಛಲೋ ಕಟ್ಟೀಯಪಾ. ಬಾಗಲಾ ಎಲ್ಲಿಟ್ಟೀ?"

ಮೊಮ್ಮಗನ ಹೆಸರನ್ನು ಕನ್ನಡ ತರಗತಿಗೆ ಹಚ್ಚಬೇಕೆಂದು ಎಂಟು ದಿನದಿಂದ ಹುಡುಕುತ್ತಿದ್ದಳಂತೆ. ಆ ಮೂರು ಗೆರೆ ಬರೀ ಅಲಂಕಾರವೆಂದು ಬಗೆದಿದ್ದಳು. ನಮ್ಮನ್ನು ಕೇಳಲು ಸಂಕೋಚ. 'ಮುಂದಿನ ವರ್ಷ ನೋಡೋಣ' ಎಂದು ಎರಡು ವರ್ಷ ತಳ್ಳಿದವರು ನಾವೇ ಅಲ್ಲವೇ? ಕೊನೆಯ ತಾರೀಖು ಹಿಂದಿನ ದಿನವೇ ಮುಗಿದಿತ್ತು. ಮರಾಠಿ ಶಾಲೆಗೆ ಹೋಗುವ ಹುಡುಗನಿಗೆ ಅಜ್ಜಿಯ ಮಾತು ತಿಳಿಯುತ್ತದೆ, ಅಜ್ಜಿ ಬರೆದದ್ದು ತಿಳಿಯದು.

ಆಷಾಢದ ವಾರಿಯಲ್ಲಿ ಜ್ಞಾನೇಶ್ವರರ ಪಾಲಖಿ ನಮ್ಮೂರಲ್ಲಿ ತಂಗುತ್ತದೆ. ಪ್ರತಿ ದಿಂಡಿಗೂ ನಂಬರು. ರಥದ ಮುಂದಿನದೋ ಹಿಂದಿನದೋ ಎಂಬುದೂ ಗೊತ್ತು. ಗುಂಪು ತಪ್ಪಿದ ಮುದುಕಿ ಅಷ್ಟು ಹೇಳಿದರೆ ಸಾಕು, ತನ್ನವರನ್ನು ಸೇರುತ್ತಾಳೆ. ವರ್ಷವರ್ಷವೂ ಇದನ್ನು ನೋಡಿಯೂ ನಮಗೆ ಬುದ್ಧಿ ಬರಲಿಲ್ಲ.

ಅಂದೇ ರಾತ್ರಿ ಮೂರು ಗೆರೆ ಅಳಿಸಿದೆವು. ಪುಟದ ಕೆಳಗೆ, ಹೆಬ್ಬೆರಳಿಗೆ ಎಟಕುವಂತೆ, ನಾಲ್ಕೇ ಶಬ್ದ ಬರೆದೆವು: ಸುದ್ದಿ, ತರಗತಿ, ನೆರವು, ಫೋನು. ಸಾಲಿನ ಎತ್ತರ ಹೆಚ್ಚಿಸಿದಾಗ 'ಸುದ್ದಿ'ಯ ಒತ್ತೂ ಉಳಿಯಿತು. "ಹಳೇ ಕಾಲದ್ದರಂತೆ ಕಾಣುತ್ತದೆ" ಎಂದರು ಸಮಿತಿಯವರು. ಕಾಣಲಿ ಬಿಡಿ, ಕಾಣುವುದೇ ಮುಖ್ಯ.

ತರಗತಿಗೆ ಇನ್ನು ಮುಂದಿನ ವರ್ಷವೇ ಗತಿ. ಅಲ್ಲಿಯತನಕ ಊಟವಾದ ಮೇಲೆ ಅವ್ವನೇ ಪಾಟಿ ಹಿಡಿದು ಕೂಡುತ್ತಾಳೆ. ನಿನ್ನೆ ಹುಡುಗ 'ಅಜ್ಜಿ' ಎಂದು ಬರೆದ. ಒತ್ತು ಬಿಟ್ಟಿರಲಿಲ್ಲ.