ಮೊಮ್ಮಗನ ಬಂದೂಕು

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಅರಣ್ಯದ ಅಂಚಿನಲ್ಲಿ ನಮ್ಮ ಮದ್ದೂರು ಇರುವುದು. 2009ರಿಂದೀಚೆಗೆ ಇಲ್ಲಿಯ ಅರಣ್ಯದ ಗೇಟನ್ನು ರಾತ್ರಿ ಒಂಭತ್ತಕ್ಕೆ ಮುಚ್ಚಿದರೆ ಬೆಳಗಿನ ಆರು ಗಂಟೆಗೆ ತೆರೆಯುವರು. ಆ ಬಳಿಕ ಊರೆಲ್ಲ ನಿಶ್ಶಬ್ದ. ಅಂತಹ ಒಂದು ರಾತ್ರಿ ನಮ್ಮ ಪಡಸಾಲೆಯಲ್ಲಿಯೇ ಗುಂಡಿನ ಸದ್ದು ಕೇಳಿ ನಾನು ಎದ್ದು ಬಂದೆನು.

ಸದ್ದು ಮೊಮ್ಮಗನ ಗಣಕಯಂತ್ರದಿಂದ ಹೊರಟುದು. ಎಂಜಿನಿಯರಿಂಗ್ ಓದುವ ಆತನು ಕಾಲೇಜಿಗೆ ಒಪ್ಪಿಸಬೇಕಾದ ಪ್ರಾಜೆಕ್ಟಿಗಾಗಿ ಒಂದು ಆಟವನ್ನು ರಚಿಸುತ್ತಿದ್ದನು. ಆಡುವವನ ಶರೀರವು ಅದರಲ್ಲಿ ಕಾಣದು. ಪರದೆಯ ಕೆಳಗೆ ಬಂದೂಕಿನ ತುದಿ ಮಾತ್ರ. ಉಳಿದುದೆಲ್ಲವೂ ಅವನ ಕಣ್ಣಿಗೆ ತೋರುವಂತೆಯೇ. ಗೋಡೆಗಳ ಓಣಿಯೊಳಗೆ ಒಂದು ಹುಲಿ, ಅದನ್ನು ಹೊಡೆದುರುಳಿಸಬೇಕು. “ಇಷ್ಟು ಓದಿದ್ದು ಕೊಲ್ಲುವುದಕ್ಕೇನೋ?” ಎಂದು ನಾನು ಗದರಿದೆನು. ಆತನು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಮೂರನೆಯ ದಿನ ತಲೆಯ ಮೇಲೆ ಕೈಹೊತ್ತು ಕುಳಿತಿದ್ದನು. ಆಟದ ಗೋಡೆಗಳು ನೆಟ್ಟಗಿರದೆ ನಡುವೆ ಉಬ್ಬಿದ್ದುವು. ಕೇಳಲಾಗಿ ಒಲ್ಲದ ಮನಸ್ಸಿನಿಂದಲೇ ಕ್ರಮವನ್ನು ವಿವರಿಸಿದನು. ಪರದೆಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಗೂ ಆಟಗಾರನ ಕಣ್ಣಿನಿಂದ ಒಂದೊಂದು ಕಿರಣವನ್ನು ಕಳುಹಿಸುವುದು. ಅದು ಗೋಡೆಗೆ ತಾಗುವ ದೂರವನ್ನು ಎಣಿಸುವುದು. ದೂರ ಇಮ್ಮಡಿಯಾದರೆ ಗೋಡೆಯನ್ನು ಅರ್ಧ ಎತ್ತರಕ್ಕೆ ಬರೆಯುವುದು. 1992ರಲ್ಲಿ ಅಮೆರಿಕದವರು ‘ವುಲ್ಫೆನ್‌ಸ್ಟೈನ್ 3ಡಿ’ ಎಂಬ ಆಟವನ್ನು ಈ ಕ್ರಮದಿಂದಲೇ ಮಾಡಿದರಂತೆ.

“ಓರೆಯಾಗಿ ಹೋದ ಕಿರಣವು ಕರ್ಣವಲ್ಲವೇನಪ್ಪಾ? ನಿನಗೆ ಬೇಕಾದುದು ಕೋಟಿ” ಎಂದೆನು. ಆತನು ಕ್ಷಣಕಾಲ ನನ್ನನ್ನು ನೋಡಿ, ದೂರವನ್ನು ಕೊಸೈನಿನಿಂದ ಗುಣಿಸಿದನು. ಗೋಡೆಗಳು ನೆಟ್ಟಗಾದುವು! ಪಾಠಶಾಲೆಯಲ್ಲಿ ಕಲಿತುದು ಅರುವತ್ತು ದಾಟಿದ ಮೇಲೆ ಹೀಗೆ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ. ಆ ಹುಮ್ಮಸ್ಸಿನಲ್ಲಿ ಆರ್ಯಭಟನ ಮಾತು ತೆಗೆದೆನು. 499ರ ಆತನ ಗ್ರಂಥದಲ್ಲಿ ಇಪ್ಪತ್ತನಾಲ್ಕು ಜ್ಯೆಗಳ ಲೆಕ್ಕವಿರುವುದು. ವೃತ್ತದ ತುಂಡಿಗೆ ನಮ್ಮ ಹಿರಿಯರು ಚಾಪವೆಂದೂ, ಅದರ ತುದಿಗಳನ್ನು ಕೂಡಿಸುವ ರೇಖೆಗೆ ಜ್ಯೆ, ಎಂದರೆ ಹೆದೆ, ಎಂದೂ, ನಡುವಣ ಎತ್ತರಕ್ಕೆ ಶರವೆಂದೂ ಹೆಸರಿಟ್ಟರು. ಆ ಜ್ಯೆಯೇ ಅರಬರ ಮೂಲಕ ಲ್ಯಾಟಿನಿಗೆ ಹೋಗಿ, ಸೈನ್ ಆಗಿ ನಮ್ಮ ಶಾಲೆಗಳಿಗೆ ಹಿಂದಿರುಗಿತು.

ಅವನ ಮುಖ ತಿಳಿಯಾದುದನ್ನು ಕಂಡು, “ಆ ಹುಲಿಯನ್ನು ಬಿಟ್ಟುಬಿಡಬಾರದೇ?” ಎಂದು ಮೆಲ್ಲನೆ ಕೇಳಿದೆನು.

“ತಾತ, 2019ರ ಅಕ್ಟೋಬರಿನಲ್ಲಿ ಗುಂಡಿಕ್ಕಿ ಕೊಲ್ಲಲಿ ಎಂದವರು ನೀವೇ ಅಲ್ಲವೇ?”

ಮಾತು ನಿಜ. ನಮ್ಮ ತಾಲ್ಲೂಕಿನ ಚೌಡಹಳ್ಳಿ, ಹುಂಡೀಪುರಗಳ ಕಡೆ ಹುಲಿಯೊಂದು ರೈತರನ್ನು ಕೊಂದಿದ್ದಿತು. ಜಗಲಿಯಲ್ಲಿ ಕುಳಿತವರೆಲ್ಲರಿಗಿಂತ ಗಟ್ಟಿಯಾಗಿ ಹಾಗೆ ಹೇಳಿದವನು ನಾನು. ಅರಣ್ಯ ಇಲಾಖೆಯವರಾದರೋ ಸಾಕಾನೆಗಳೊಡನೆ ದಿನಗಟ್ಟಲೆ ಹುಡುಕಿ, ಅರಿವಳಿಕೆಯ ಮದ್ದನ್ನು ಹಾರಿಸಿ, ಅದನ್ನು ಜೀವಸಹಿತ ಹಿಡಿದರು. ಪರದೆಯ ಹುಲಿಗೆ ಕರುಣೆ, ಹಿತ್ತಿಲ ಹುಲಿಗೆ ಗುಂಡು! ದೂರವನ್ನು ನೋಡಿ ಎತ್ತರವನ್ನು ಬದಲಿಸುವ ಲೆಕ್ಕ ಮೊಮ್ಮಗನ ಆಟದಲ್ಲಿ ಮಾತ್ರವಿರಲಿಲ್ಲ. ನನ್ನ ಧರ್ಮಬುದ್ಧಿಯಲ್ಲಿಯೂ ಇದ್ದಿತು. ನಾನು ಉತ್ತರ ಹೇಳದೆ ಎದ್ದು ಹೋದೆನು.

ಮುಂದಿನ ರಜೆಗೆ ಬಂದಾಗ ಆತನಾಗಿಯೇ ಕರೆದು ಆಟವನ್ನು ತೋರಿಸಿದನು. ಬಂದೂಕು ಹಾಗೆಯೇ ಇದ್ದಿತು. ಗುಂಡಿನ ಬದಲು ಅರಿವಳಿಕೆಯ ಸೂಜಿ. ಅದು ತಾಗಿದರೂ ಹುಲಿ ಕೂಡಲೇ ಬೀಳದು. ಅದನ್ನು ಕಣ್ಣಿನಿಂದ ತಪ್ಪಿಸದೆ, ಹತ್ತಿರಕ್ಕೂ ಹೋಗದೆ ಕಾಯಬೇಕು. “ಬೀಳಿಸುವುದಕ್ಕೆ ಎರಡು ಸಾಲು ಸಾಕಾಗಿದ್ದುವು ತಾತ, ಕಾಯಿಸುವುದಕ್ಕೆ ಒಂದು ವಾರ ಹಿಡಿಯಿತು” ಎಂದನು.

ನಾನೂ ಆಡಿದೆನು. ಮುದಿ ಬೆರಳು ನಡುಗಿ ಸೂಜಿ ಗೋಡೆಗೆ ತಾಗಿತು. ಹುಲಿ ತಿರುಗಿ ಬರತೊಡಗಿತು. ಮೊಮ್ಮಗನು ನನ್ನ ಕೈಯ ಮೇಲೆ ತನ್ನ ಕೈಯನ್ನಿಟ್ಟು, “ಅವಸರ ಬೇಡಿ ತಾತ” ಎಂದನು.