ಮೂರೂವರೆ ಚೀಲ ಸಕ್ಕರಿ

ಹೋದ ಡಿಸೆಂಬರ್ ರಜೆಯಲ್ಲಿ ನಮ್ಮ ಅಕ್ಕ ಇಂಗ್ಲೆಂಡಿನಿಂದ ಊರಿಗೆ ಬಂದಳು. ಅಕ್ಕ ಅಂದ್ರೆ ದೊಡ್ಡಪ್ಪನ ಮಗಳು. ಜೊತೆಗೆ ಇಪ್ಪತ್ತು ತಿಂಗಳಿನ ಕೂಸು, ಎರಡು ಸೂಟ್‌ಕೇಸು, ಮತ್ತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ದೊಡ್ಡ ಖುರ್ಚಿ. ಕರ್ಕೊಂಡು ಬರೋಕೆ ಮಿರಜ್ ಸ್ಟೇಷನ್ನಿಗೆ ಹೋದವರು ನಾವು. ನಾವು ಅಂದ್ರೆ ಈ ಲೇಖನ ಬರೆಯುತ್ತಿರುವವ ಮತ್ತು ಪಿಯುಸಿ ಓದುವ ತಮ್ಮ. ಮನೆಯಲ್ಲಿ ನಮ್ಮಿಬ್ಬರಿಗೂ ಬೈಗುಳ, ಹೊಗಳಿಕೆ ಎಲ್ಲಾ ಒಟ್ಟಿಗೇ ಬರುತ್ತೆ. ಅದಕ್ಕೆ ಇಲ್ಲಿ ಪೂರ್ತಿ 'ನಾವು' ಅಂತಲೇ ಬರೀತೀವಿ. ತಪ್ಪಿನಲ್ಲೂ ಅವನಿಗೆ ಅರ್ಧ ಪಾಲಿದೆ.

ನಮ್ಮೂರು ಉಗಾರ ಬುದ್ರುಕ. ಹಾಸ್ಟೆಲ್ಲಿನಲ್ಲಿ ಉಗಾರ ಅಂದ ಕೂಡಲೇ "ಸಕ್ಕರೆ ಫ್ಯಾಕ್ಟರಿ ಇದೆಯಲ್ಲ, ಅದೇನಾ?" ಅಂತಾರೆ. ಫ್ಯಾಕ್ಟರಿ, ರೈಲ್ವೆ ಸ್ಟೇಷನ್ ಎರಡೂ ಇರೋದು ಪಕ್ಕದ ಉಗಾರ ಖುರ್ದದಲ್ಲಿ. ಬುದ್ರುಕ ಅಂದ್ರೆ ದೊಡ್ಡದು, ಖುರ್ದ ಅಂದ್ರೆ ಸಣ್ಣದು. ದೊಡ್ಡದನ್ನ ಬಿಟ್ಟು ಸಣ್ಣದೇ ಫೇಮಸ್ ಆಗಿದೆ, ಏನ್ ಮಾಡೋದು.

ಮಿರಜಿಗೆ ನಮ್ಮೂರಿನ ಕಾಕಾ ಒಬ್ಬರ ಕಾರು ಬಾಡಿಗೆಗೆ ಹೇಳಿದ್ವಿ. ಬೆಳಗಿನ ಜಾವದ ಚಳಿ, ಪ್ಲಾಟ್‌ಫಾರ್ಮಿನ ಹೊರಗೆ ಚಹಾದ ಗಾಡಿ, ಮರಾಠಿ ಕನ್ನಡ ಎರಡೂ ಕಲಸಿ ಕೂಗುವ ರಿಕ್ಷಾದವರು. ಅಕ್ಕ ಇಳಿದ ಕೂಡಲೇ ನಮ್ಮನ್ನ ಮಾತಾಡಿಸೋದಕ್ಕಿಂತ ಮೊದಲು ಕಾರಿನ ಹಿಂದಿನ ಬಾಗಿಲು ತೆಗೆದು ಸೀಟಿನ ಸಂದಿಯಲ್ಲಿ ಕೈ ಹಾಕಿದಳು.

"ಕಾಕಾ, ಬೆಲ್ಟ್ ಸಿಗಿಸೋ ಬಕಲ್ ಎಲ್ಲಿ ಅದಾವ್ರಿ?"

ಕಾಕಾ ನಕ್ಕರು. "ಅವನ್ನ ಯಾರ್ ಹಾಕ್ಕೊಂತಾರವ್ವಾ ಹಿಂದ ಕುಂತವ್ರು? ಕವರಿನ ತೆಳಗ ಅದಾವ."

ನಿಮ್ಮೂರಿನ ಟ್ಯಾಕ್ಸಿಯಲ್ಲೂ ಒಮ್ಮೆ ನೋಡಿ. ಬೆಲ್ಟು ಪಿಲ್ಲರಿನಿಂದ ನೇತಾಡುತ್ತಿರುತ್ತದೆ, ಸಿಗಿಸಬೇಕಾದ ಬಕಲ್ ಮಾತ್ರ ಕಾಣೋದೇ ಇಲ್ಲ. ಕೂತವರಿಗೆ ಚುಚ್ಚುತ್ತೆ ಅಂತ ಅದನ್ನ ಒಳಗೆ ತಳ್ಳಿ ಮೇಲೆ ರೆಕ್ಸಿನ್ ಕವರ್ ಹೊಲಿಸಿರ್ತಾರೆ. ಕಂಪನಿಯವರು ಕ್ರ್ಯಾಶ್ ಟೆಸ್ಟ್ ಮಾಡಿ ಕೊಟ್ಟ ಗಾಡಿಯ ಅರ್ಧ ಸುರಕ್ಷತೆಯನ್ನ ಸೀಟ್ ಕವರಿನ ಅಂಗಡಿಯವನು ಒಂದು ಗಂಟೆಯಲ್ಲಿ ತೆಗೆದುಬಿಡ್ತಾನೆ.

ಬಕಲ್ ಸಿಗೋ ತನಕ ಕೂಸನ್ನ ಕಾರಿಗೆ ಹತ್ತಿಸಲ್ಲ ಅಂತ ಅಕ್ಕ ನಿಂತೇಬಿಟ್ಟಳು. ಕೊನೆಗೆ ಕಾಕಾ ಬ್ಲೇಡು ತಂದು ಹೊಸ ಕವರಿನ ಹೊಲಿಗೆ ಬಿಚ್ಚಿದರು. ಅವರ ಮುಖ ನೋಡೋಕೆ ನಮಗೆ ಆಗಲಿಲ್ಲ. ಆಮೇಲೆ ಅಕ್ಕ ಖುರ್ಚಿ ಇಟ್ಟು, ಬೆಲ್ಟನ್ನ ಅದರ ಬೆನ್ನ ಹಿಂದಿನ ದಾರಿಯಲ್ಲಿ ತೂರಿಸಿ, ಮೊಣಕಾಲು ಊರಿ ಕುಳಿತು ಜಗ್ಗಿದಳು. ಖುರ್ಚಿಯ ಬುಡ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಬಾರದಂತೆ. ಕೂಸಿನ ದಪ್ಪ ಸ್ವೆಟರ್ ಬಿಚ್ಚಿಸಿ ಕೂರಿಸಿದಳು. ಸ್ವೆಟರಿನ ಮೇಲೆ ಪಟ್ಟಿ ಕಟ್ಟಿದರೆ ಬಿಗಿ ಅನ್ನಿಸುತ್ತೆ, ಗುದ್ದಿದಾಗ ಉಣ್ಣೆ ಒತ್ತಿಕೊಂಡು ಪಟ್ಟಿ ಸಡಿಲ ಆಗುತ್ತಂತೆ. ಪಟ್ಟಿ ಕಟ್ಟಿದ ಮೇಲೆ ಅದೇ ಸ್ವೆಟರನ್ನ ಮುಂದಿನಿಂದ ಹೊದಿಸಿದಳು. ಭುಜದ ಹತ್ತಿರ ಪಟ್ಟಿಯನ್ನ ಎರಡು ಬೆರಳಲ್ಲಿ ಚಿವುಟಿ ನೋಡಿದಳು. ಚಿವುಟೋಕೆ ಸಿಕ್ಕಿದರೆ ಇನ್ನೂ ಸಡಿಲ ಅಂತ ಲೆಕ್ಕ.

ಇಷ್ಟಕ್ಕೆಲ್ಲ ಅರ್ಧ ತಾಸು. ಸುತ್ತ ಮಂದಿ ನೋಡ್ತಿದ್ರು. ನಮಗೆ ಅಕ್ಕನ ಮೇಲೆ ಸಿಟ್ಟೇ ಬಂತು. ನಾಲ್ಕು ವರ್ಷ ಹೊರಗಿದ್ದು ಬಂದು ಇಷ್ಟೊಂದು ಶೋ ಯಾಕೆ ಅಂತ.

ಮನೆಗೆ ಬಂದಾಗ ಆಯಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ. ಖುರ್ಚಿಯಲ್ಲಿ ಪಟ್ಟಿ ಬಿಗಿದುಕೊಂಡು ಕೂತ ಮರಿಮಗನನ್ನ ನೋಡಿ ಆಯಿ ಆರತಿ ಮರೆತು, "ಅಯ್ಯ ನನ್ನ ಶಿವನ, ಕೂಸಿನ್ನ ಕರುವಿನಂಗ ಕಟ್ಟಿ ತಂದೀರಲ್ಲ!" ಅಂದಳು. ಹತ್ತು ನಿಮಿಷ ಅಕ್ಕನ ಜೊತೆ ಮಾತಾಡಲಿಲ್ಲ.

ಕೂಸು ಹುಟ್ಟಿದ ಮೇಲೆ ಆಸ್ಪತ್ರೆಯಿಂದ ಮನೆಗೆ ಹೋಗುವಾಗಲೇ ಸೀಟು ಬೇಕಾಯಿತು ಅಂತ ಅಕ್ಕ ಹೇಳುತ್ತಿದ್ದಳು. ಅಲ್ಲಿ ಹನ್ನೆರಡು ವರ್ಷ ಆಗುವ ತನಕ, ಇಲ್ಲಾ 135 ಸೆಂಟಿಮೀಟರ್ ಎತ್ತರ ಬೆಳೆಯುವ ತನಕ ಮಕ್ಕಳಿಗೆ ಕಾರಿನಲ್ಲಿ ಸೀಟು ಕಡ್ಡಾಯ. ಇದನ್ನ ಕೇಳಿ ನಾವು, ವಿದೇಶ ಅಂದ್ರೆ ಎಲ್ಲಾ ಪಕ್ಕಾ ಅಂದುಕೊಂಡ್ವಿ. ಅಕ್ಕ ನಕ್ಕು ಇನ್ನೊಂದು ಹೇಳಿದಳು. ಅದೇ ಇಂಗ್ಲೆಂಡಿನಲ್ಲಿ ಟ್ಯಾಕ್ಸಿ ಹತ್ತಿದರೆ, ಡ್ರೈವರ್ ಹತ್ತಿರ ಮಕ್ಕಳ ಸೀಟು ಇಲ್ಲದಿದ್ದರೆ, ಮೂರು ವರ್ಷದೊಳಗಿನ ಕೂಸು ಹಿಂದಿನ ಸೀಟಿನಲ್ಲಿ ಬೆಲ್ಟೂ ಇಲ್ಲದೆ ಹೋಗಬಹುದು. ನ್ಯೂಯಾರ್ಕಿನ ಟ್ಯಾಕ್ಸಿಯಲ್ಲಿ ಏಳು ವರ್ಷದೊಳಗಿನವರು ದೊಡ್ಡವರ ತೊಡೆ ಮೇಲೆ ಕೂರಬಹುದು. ಸಿಂಗಾಪುರದಲ್ಲೂ ಟ್ಯಾಕ್ಸಿಗೆ ವಿನಾಯಿತಿ ಇದೆ. ಕಾರಣ ಸರಳ: ರಸ್ತೆಯಲ್ಲಿ ಕೈ ಮಾಡಿ ನಿಲ್ಲಿಸುವ ಗಾಡಿ ಎಲ್ಲಾ ವಯಸ್ಸಿನ ಮಕ್ಕಳಿಗೂ ಸೀಟು ಹೊತ್ತು ತಿರುಗೋಕೆ ಆಗಲ್ಲ. ಆದರೆ ವಿನಾಯಿತಿ ಕೊಟ್ಟಿದ್ದು ಕಾನೂನು, ನ್ಯೂಟನ್ ಅಲ್ಲ. ಅದಕ್ಕೇ ಅಕ್ಕ ಎಲ್ಲಿ ಹೋದರೂ ಸ್ವಂತ ಸೀಟು ಹೊತ್ತುಕೊಂಡೇ ಹೋಗ್ತಾಳೆ.

ನಮ್ಮಲ್ಲೂ ಕಾನೂನು ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಾಗ 194ಬಿ ಅಂತ ಒಂದು ಸೆಕ್ಷನ್ ಸೇರಿತು. ಹದಿನಾಲ್ಕು ವರ್ಷದೊಳಗಿನ ಮಗುವನ್ನ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ. ಬೈಕಿನಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಪಟ್ಟಿ ಬೇಕು, 40 ಕಿಲೋಮೀಟರ್ ವೇಗ ಮೀರಬಾರದು ಅನ್ನೋ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ನಮ್ಮೂರಲ್ಲಿ ಟ್ಯಾಂಕಿನ ಮೇಲೆ ಕೂತು ಹ್ಯಾಂಡಲ್ ಹಿಡಿಯದೆ ಬೆಳೆದವರು ಯಾರೂ ಇಲ್ಲ, ನಾವೂ ಹಾಗೇ ಬೆಳೆದದ್ದು.

ಈಗ ಹೇಳಬೇಕಾದ್ದು ಹೇಳ್ತೀವಿ.

ಅಕ್ಕ ಬಂದದ್ದೇ ಕೂಸಿನ ಜಾವಳಕ್ಕೆ. ಚಿಂಚಲಿ ಮಾಯಕ್ಕನ ಗುಡಿಯಲ್ಲಿ ಮಾಡಿಸ್ತೀವಿ ಅಂತ ಆಯಿ ಹರಕೆ ಹೊತ್ತಿದ್ದಳು. ಸೋದರಮಾವಂದಿರು ನಾವೇ, ನಮ್ಮ ತೊಡೆ ಮೇಲೆ ಕೂರಿಸಿಕೊಂಡೇ ಕೂದಲು ತೆಗೆಸಬೇಕು. ಮನೆಮಂದಿ ಎಲ್ಲಾ ಸೇರಿ ಹನ್ನೊಂದು ಜನ, ಅದಕ್ಕೆ ಕ್ರೂಸರ್ ಮಾಡಿಸಿದರು. ಉತ್ತರ ಕರ್ನಾಟಕದವರಿಗೆ ಕ್ರೂಸರ್ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬೆಂಗಳೂರಿನ ಗೆಳೆಯರಿಗೆ: ಹಿಂದೆ ಎದುರುಬದುರು ಅಡ್ಡ ಸೀಟು ಇರುವ, ಮದುವೆ, ಮಣ್ಣು, ಜಾತ್ರೆ ಎಲ್ಲದಕ್ಕೂ ಒಂದೇ ಗಾಡಿ. ಅಡ್ಡ ಸೀಟಿನ ಮೇಲೆ ಮಕ್ಕಳ ಸೀಟು ಕಟ್ಟುವ ಹಾಗಿಲ್ಲ. ನಡುವಿನ ಸಾಲಿನಲ್ಲಿ ಇಟ್ಟರೆ ಇಬ್ಬರ ಜಾಗ ಹೋಗುತ್ತೆ, ಮೇಲೆ ಬೆಲ್ಟು ಬೇರೆ ಕಾಣಲಿಲ್ಲ.

ಅಕ್ಕ "ಕಾಕಾನ ಕಾರು ಬ್ಯಾರೆ ಹೇಳ್ರಿ, ನಾನೂ ಕೂಸೂ ಅದರಾಗ ಬರ್ತೀವಿ" ಅಂದಳು. ಆಯಿಯ ಮುಖ ಇಳಿಯಿತು. ಮನೆದೇವರಿಗೆ ಹೋಗುವಾಗ ಬೇರೆ ಗಾಡಿಯಾ? ಆಗ ನಾವು ಬಾಯಿ ಹಾಕಿದ್ವಿ. "ಅಕ್ಕಾ, ಕೃಷ್ಣಾ ಸೇತುವೆ ದಾಟಿದ್ರ ಕುಡಚಿ, ಕುಡಚಿ ದಾಟಿದ್ರ ಚಿಂಚಲಿ. ಅರ್ಧ ತಾಸಿನ ದಾರಿ. ಆಯಿ ತೊಡಿ ಮ್ಯಾಲೆ ಕುಂದ್ರಸ್ಕೊಂತಾಳ, ಬಿಡು. ಒಂದಿನಕ್ಕ ಏನಾಗ್ತೈತಿ?" ಅಕ್ಕ ನಮ್ಮನ್ನೊಮ್ಮೆ ನೋಡಿದಳು. ಬಿಟ್ಟುಕೊಟ್ಟಳು.

ಹೋಗುವಾಗ ಏನೂ ಆಗಲಿಲ್ಲ. ಜಾವಳ ಚೆಂದ ಆಯಿತು. ನಮ್ಮ ತೊಡೆ ಮೇಲೆ ಕೂಸು ಗುಡಿಯೇ ಹಾರಿಹೋಗೋ ಹಾಗೆ ಅತ್ತಿತು, ಆಮೇಲೆ ಬೋಳು ತಲೆಗೆ ಗಂಧ ಹಚ್ಚಿದ ಕೂಡಲೇ ನಕ್ಕಿತು.

ಬರುವಾಗ ಹೊತ್ತು ಮುಳುಗಿತ್ತು. ಡಿಸೆಂಬರ್ ಅಂದ್ರೆ ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಕಬ್ಬು ಎರಡೂ ಕಡೆ ರಸ್ತೆಗೆ ಚಾಚಿಕೊಂಡಿರುತ್ತೆ, ಹಿಂದೆ ದೀಪ ಇರಲ್ಲ. ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಸೋಗೆ ಅದನ್ನ ಮುಚ್ಚಿರುತ್ತೆ. ಕುಡಚಿಯ ಈಚೆ ಅಂಥದ್ದೊಂದು ಟ್ರೇಲರ್ ಪಂಚರ್ ಆಗಿ ರಸ್ತೆಯಲ್ಲೇ ನಿಂತಿತ್ತು. ಎದುರು ಬಂದ ಬಸ್ಸಿನ ಲೈಟು ಕಣ್ಣಿಗೆ ಹೊಡೆದು, ಬಸ್ಸು ದಾಟಿದ ಕೂಡಲೇ ಮುಂದೆ ಕಬ್ಬಿನ ಗೋಡೆ.

ಡ್ರೈವರ್ ಬ್ರೇಕ್ ಹಾಕಿದ. ಗಾಡಿ ನಿಂತಿತು. ಎಲ್ಲೂ ತಾಗಲಿಲ್ಲ.

ಆಯಿ ಮುಂದಿನ ಸೀಟಿನಲ್ಲಿದ್ದಳು. ಕೂಸು ಅವಳ ತೊಡೆಯಿಂದ ಜಾರಿ ಡ್ಯಾಶ್‌ಬೋರ್ಡಿಗೆ ಹೋಯಿತು. ಗಂಧ ಹಚ್ಚಿದ ಬೋಳು ತಲೆ. ಹುಬ್ಬಿನ ಮೇಲೆ ಒಡೆದು, ಗಂಧದ ಮೇಲೆ ರಕ್ತ ಇಳಿಯಿತು. ಒಂದು ಕ್ಷಣ ಅಳಲೇ ಇಲ್ಲ, ಆ ಒಂದು ಕ್ಷಣವನ್ನ ನಾವು ಈಗಲೂ ಹಾಸ್ಟೆಲ್ಲಿನಲ್ಲಿ ನಿದ್ದೆ ಬರದಾಗ ನೆನಪಿಸಿಕೊಳ್ತೀವಿ. ಆಮೇಲೆ ಅತ್ತಿತು. ಆ ಅಳು ಕೇಳಿ ಅಷ್ಟು ಸಮಾಧಾನ ಆಗಿದ್ದು ಜೀವನದಲ್ಲಿ ಅದೇ ಮೊದಲು. ಕುಡಚಿಗೆ ತಿರುಗಿ ಹೋಗಿ ಒಬ್ಬ ಡಾಕ್ಟರ ಹತ್ತಿರ ಮೂರು ಹೊಲಿಗೆ ಹಾಕಿಸಿದ್ವಿ.

ಅಕ್ಕ ಯಾರಿಗೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ರಾತ್ರಿ ನಾವು ನೋಟ್‌ಬುಕ್ ತೆಗೆದು ಕೂತ್ವಿ. ಫಸ್ಟ್ ಸೆಮ್ಮಿನ ಮೆಕ್ಯಾನಿಕ್ಸ್ ಸಾಕು ಇದಕ್ಕೆ. ಕೂಸಿನ ತೂಕ 12 ಕಿಲೋ. ಜೋರಾಗಿ ಬ್ರೇಕ್ ಹಾಕಿದರೆ ಸೆಕೆಂಡಿಗೆ ಸುಮಾರು 7 ಮೀಟರಿನಂತೆ ವೇಗ ಇಳಿಯುತ್ತೆ ಅಂತಿಟ್ಟುಕೊಳ್ಳಿ. 84 ನ್ಯೂಟನ್. ಅಂದ್ರೆ ಎಂಟೂವರೆ ಕಿಲೋ ಭಾರ ಮುಂದಕ್ಕೆ ಎಳೆದ ಹಾಗೆ. ದೊಡ್ಡದೇನಲ್ಲ, ಆಯಿ ದಿನಾ ಅದಕ್ಕಿಂತ ಭಾರದ ಕೊಡ ಎತ್ತುತ್ತಾಳೆ. ಆದರೆ ಕೊಡ ಎತ್ತುವಾಗ ಎತ್ತುತ್ತೀನಿ ಅಂತ ಗೊತ್ತಿರುತ್ತೆ. ಇಲ್ಲಿ ಗೊತ್ತಾಗುವಷ್ಟರಲ್ಲಿ ಮುಗಿದಿತ್ತು.

ಇದು ಬರೀ ಬ್ರೇಕಿನ ಲೆಕ್ಕ. ಗುದ್ದಿದ್ದರೆ? 50 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ 13.9 ಮೀಟರ್. ಗುದ್ದಿ ನಿಲ್ಲೋಕೆ 0.1 ಸೆಕೆಂಡ್ ಹಿಡಿಯಿತು ಅನ್ನಿ. 12 ಗುಣಿಸು 139, ಸುಮಾರು 1670 ನ್ಯೂಟನ್. 170 ಕಿಲೋ. ತಮ್ಮ ಅದನ್ನ ನಮ್ಮೂರಿನ ಲೆಕ್ಕಕ್ಕೆ ತಂದ: ಒಂದು ಸಕ್ಕರೆ ಚೀಲ 50 ಕಿಲೋ, ಹೆಚ್ಚುಕಡಿಮೆ ಮೂರೂವರೆ ಚೀಲ. ಗಟ್ಟಿ ಹಮಾಲ ಒಂದು ಚೀಲ ಹೊರ್ತಾನೆ, ಅದೂ ಬೆನ್ನ ಮೇಲೆ. ಮೂರೂವರೆ ಚೀಲವನ್ನ ಎರಡು ಕೈ ಚಾಚಿ ಹಿಡಿಯೋಕೆ ಆಯಿಗಲ್ಲ, ನಮ್ಮ ಕಾಲೇಜಿನ ಜಿಮ್ಮಿನ ಯಾವ ಅಣ್ಣನಿಗೂ ಆಗಲ್ಲ. ಎತ್ತರಕ್ಕೆ ಹೋಲಿಸಿದರೆ ಹತ್ತತ್ತಿರ 10 ಮೀಟರ್, ಮೂರನೇ ಮಹಡಿಯಿಂದ ಬಿದ್ದಷ್ಟು. ಮೂರನೇ ಮಹಡಿಯ ಕಿಟಕಿಯಲ್ಲಿ ಕೂಸನ್ನ ಕೂರಿಸಿ "ನಾ ಹಿಡಕೊಂಡೀನಿ ಬಿಡು" ಅಂತ ಯಾರೂ ಅನ್ನಲ್ಲ. ಕಾರಿನಲ್ಲಿ ಎಲ್ಲರೂ ಅಂತೀವಿ.

ಅಕ್ಕ ಬಂದು ನೋಟ್‌ಬುಕ್ ನೋಡಿದಳು. ಅವಳೂ ಇಂಜಿನಿಯರ್ರೇ. ಆ ಖುರ್ಚಿ ಯಾಕೆ ಹಿಂದಕ್ಕೆ ಮುಖ ಮಾಡಿರುತ್ತೆ ಅಂತ ಅವಳೇ ವಿವರಿಸಿದಳು. ಹುಟ್ಟಿದ ಕೂಸಿನ ತಲೆ ಅದರ ಉದ್ದದ ನಾಲ್ಕನೇ ಒಂದು ಭಾಗ ಇರುತ್ತೆ, ಕತ್ತಿನಲ್ಲಿ ಇನ್ನೂ ಶಕ್ತಿ ಇರಲ್ಲ. ಮುಂದಕ್ಕೆ ಮುಖ ಮಾಡಿದ್ದರೆ ಗುದ್ದಿದಾಗ ಪಟ್ಟಿ ಮೈಯನ್ನ ಹಿಡಿಯುತ್ತೆ, ಭಾರದ ತಲೆ ಮಾತ್ರ ಮುಂದೆ ಎಗರುತ್ತೆ, ಎಲ್ಲಾ ಜಗ್ಗಾಟ ಕತ್ತಿನ ಮೇಲೆ. ಹಿಂದಕ್ಕೆ ಮುಖ ಮಾಡಿದ್ದರೆ ಬೆನ್ನು, ಕತ್ತು, ತಲೆ ಮೂರೂ ಒಟ್ಟಿಗೆ ಖುರ್ಚಿಗೆ ಒತ್ತಿಕೊಳ್ಳುತ್ತವೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅನ್ನುವವರಿಗೆ ಇದು ಹೊಳೆದದ್ದು ಜೆಮಿನಿ ಗಗನಯಾತ್ರಿಗಳು ಬೆನ್ನಿನ ಮೇಲೆ ಮಲಗಿ ಹೋಗುವುದನ್ನ ನೋಡಿ. 1964ರಲ್ಲಿ ವೋಲ್ವೋದವರು ಅಂಥ ಮೊದಲ ಮಾದರಿಯನ್ನ ಪರೀಕ್ಷೆ ಮಾಡಿದರು. ಈಗಿನ ಯುರೋಪಿನ ಆರ್129 ನಿಯಮದಲ್ಲಿ ಕನಿಷ್ಠ 15 ತಿಂಗಳ ತನಕ ಹಿಂದಕ್ಕೇ ಮುಖ. ಸ್ವೀಡನ್ನಿನವರು ನಾಲ್ಕು ವರ್ಷದ ತನಕವೂ ಹಾಗೇ ಕೂರಿಸ್ತಾರಂತೆ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇದ್ದರೆ ಮಾತ್ರ ಹಾಗೆ ಇಡಲೇಬಾರದು. ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ನೇರ ಖುರ್ಚಿಯ ಬೆನ್ನಿಗೇ ಹೊಡೆಯುತ್ತೆ.

ಆಯಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವಳ ಬಲ ಮುಂಗೈ ಬಾತುಕೊಂಡಿತ್ತು. ಹಿಡಿಯೋಕೆ ಅಷ್ಟು ಪ್ರಯತ್ನ ಮಾಡಿದ್ದಾಳೆ ಅನ್ನೋದು ನಮಗೆ ಮೂರನೇ ದಿನ ಗೊತ್ತಾಯಿತು, ಅವಳು ಹೇಳಿರಲಿಲ್ಲ. ನಾವು ಅವಳಿಗೆ ನೋಟ್‌ಬುಕ್ ತೋರಿಸಿ, "ಇದು ನಿನ್ನ ತಪ್ಪಲ್ಲ ಆಯಿ, ಯಾರ್ ಕೈಲೂ ಆಗೂದಲ್ಲ" ಅಂದ್ವಿ. ಅಂಕಿ ಅವಳಿಗೆ ತಿಳಿಯಲಿಲ್ಲ, ಚೀಲ ತಿಳಿಯಿತು. "ಮೂರೂವರಿ ಚೀಲ?" ಅಂತ ಎರಡು ಸಲ ಕೇಳಿದಳು. ಆಮೇಲೆ ಖುರ್ಚಿಯ ಹತ್ತಿರ ಹೋಗಿ ಅದರ ಪಟ್ಟಿಯನ್ನ ಜಗ್ಗಿ ನೋಡಿದಳು.

ಅಕ್ಕ ವಾಪಸ್ ಹೊರಡುವ ಹಿಂದಿನ ಸಂಜೆ ನಾವು ಕಾಕಾನ ಮನೆಗೆ ಹೋಗಿ ಕಾರಿನಲ್ಲೇ ಖುರ್ಚಿ ಕಟ್ಟಿಟ್ಟು ಬಂದ್ವಿ. ಬೆಲ್ಟ್ ಜಗ್ಗಿ, ಬುಡ ಅಲ್ಲಾಡಿಸಿ, ಎಲ್ಲಾ ನೋಡಿ. ಕಾಕಾ ನಿಂತು ನೋಡ್ತಿದ್ರು. ಅವರಿಗೂ ಮೂರು ವರ್ಷದ ಮೊಮ್ಮಗಳಿದ್ದಾಳೆ. "ಎಷ್ಟ ಬೀಳತೈತಿ ಇದಕ್ಕ?" ಅಂದರು. ಅಕ್ಕ ಕೊಟ್ಟ ರೇಟನ್ನ ರೂಪಾಯಿಯಲ್ಲಿ ಹೇಳಿದ್ವಿ. "ಅಷ್ಟರಾಗ ಟೈರ್ ಬರ್ತಾವಲ್ಲೋ" ಅಂತ ನಕ್ಕರು. ಅವರಿಗೆ ಏನು ಉತ್ತರ ಕೊಡಬೇಕು ಅಂತ ಗೊತ್ತಾಗಲಿಲ್ಲ. ಬಾಡಿಗೆ ಗಾಡಿ ಓಡಿಸಿ ಕಂತು ಕಟ್ಟುವವರಿಗೆ ನೋಟ್‌ಬುಕ್ ತೋರಿಸೋಕೆ ಮನಸ್ಸು ಬರಲಿಲ್ಲ.

ಬೆಳಿಗ್ಗೆ ಕಾರು ಹೊರಡುವಾಗ ಆಯಿ ಕಿಟಕಿಯೊಳಗೆ ಕೈ ಹಾಕಿ ಕೂಸಿನ ಹುಬ್ಬಿನ ಮೇಲಿನ ಕಲೆ ಮುಟ್ಟಿದಳು. ಆಮೇಲೆ ಭುಜದ ಹತ್ತಿರ ಪಟ್ಟಿಯನ್ನ ಎರಡು ಬೆರಳಲ್ಲಿ ಚಿವುಟಿ ನೋಡಿದಳು. ಅದನ್ನ ಅವಳಿಗೆ ಯಾರು ಹೇಳಿಕೊಟ್ಟರೋ.

ಯುಗಾದಿಗೆ ಊರಿಗೆ ಹೋದಾಗ ಮಿರಜಿನಿಂದ ಮತ್ತೆ ಅದೇ ಕಾರು. ಕಾಕಾ ಹೊಸ ಕವರ್ ಹಾಕಿಸಿದ್ದರು. "ನೋಡ್ರಿಪಾ, ಈ ಸಲ ಬಕಲ್ಲಿಗೆ ತೂತ ಬಿಡಿಸೀನಿ" ಅಂದರು. ಎಡಗಡೆ ಒಂದು, ಬಲಗಡೆ ಒಂದು ಹೊರಗಿದ್ದವು. ನಾವಿಬ್ಬರೂ ಹಾಕಿಕೊಂಡ್ವಿ. ನಡುವಿನದು ಇನ್ನೂ ಕವರಿನ ಕೆಳಗೇ ಇತ್ತು.